ಬೆರಳುಗಳಿಗೆ ಇಪ್ಪತ್ತೊಂದು ದಿನ ರಜೆ

ನನ್ನ ಗಂಡನ ಕೈಯಲ್ಲಿ ಬೆರಳಚ್ಚೇ ಇಲ್ಲ ಅನ್ನುವುದು ಮದುವೆಯಾದ ಇಪ್ಪತ್ತನೇ ವರ್ಷದಲ್ಲಿ ನನಗೆ ಗೊತ್ತಾಯಿತು. ಅದೂ ಒಂದು ಯಂತ್ರದ ಬಾಯಿಂದ. ಮನೆಯವರ ವಿಷಯ ಏನೇ ಇರಲಿ, ಲೋಕಕ್ಕೆ ಗೊತ್ತಾಗುವ ಮೊದಲು ನನಗೆ ಗೊತ್ತಿರಬೇಕು ಅನ್ನುವವಳು ನಾನು. ಹಾಗಾಗಿ ಆ ದಿನ ಪೌರತ್ವದ ಕಚೇರಿಯಲ್ಲಿ ನನಗೆ ಮೊದಲು ಬಂದದ್ದು ಗಾಬರಿಯಲ್ಲ, ಸಿಟ್ಟು.

ಕೌಂಟರಿನ ಹಿಂದಿದ್ದ ಮೇಡಂ, "ಬಲಗೈ ಬೆರಳು ಗಾಜಿನ ಮೇಲಿಡಿ" ಅಂದರು. ನಮ್ಮವರು ಇಟ್ಟರು. ಯಂತ್ರ ಕೆಂಪು ದೀಪ ಹಚ್ಚಿ ಕುಂಯ್ ಅಂದಿತು.

"ಬೆರಳಿಡಿ ಅಂದೆ."

"ಇಟ್ಟಿದೀನಲ್ಲ ಮೇಡಂ."

"ಯಂತ್ರ ಇಟ್ಟಿಲ್ಲ ಅಂತಿದೆ."

ನಮ್ಮವರು ಕೈಯೆತ್ತಿ ಬೆರಳು ಎಣಿಸಿಕೊಂಡರು. ಐದೂ ಇದ್ದವು. ಎಡಗೈಯಲ್ಲೂ ಐದಿದ್ದವು. ಮೇಡಂ ಅವರ ಅಂಗೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿ, "ಏನು ಕೆಲಸ ನಿಮ್ಮದು?" ಅಂತ ಕೇಳಿದರು.

"ನೆಲಕ್ಕೆ ಕಲ್ಲು ಹಾಸ್ತೀನಿ. ಹಾಸಿ ಪಾಲಿಶ್ ಮಾಡ್ತೀನಿ."

"ನೆಲದ ಜೊತೆ ಬೆರಳನ್ನೂ ಪಾಲಿಶ್ ಮಾಡ್ಕೊಂಡಿದೀರಿ. ಒಂದು ಗೆರೆ ಉಳಿದಿಲ್ಲ."

ನಾನು ಬಗ್ಗಿ ನೋಡಿದೆ. ನಿಜವಾಗಿಯೂ ಇರಲಿಲ್ಲ. ಹತ್ತು ಬೆರಳ ತುದಿಗಳೂ ಹೊಸ ಬಟನ್‌ಗಳ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ನಾನು ಬಟ್ಟೆ ಹೊಲಿಯುವವಳು. ಸೂಜಿ ಚುಚ್ಚಿ ಚುಚ್ಚಿ ನನ್ನ ಬೆರಳು ಜರಡಿಯಾಗಿದೆ, ಆದರೂ ಅರ್ಧ ಗಂಟೆಗೆ ಮುಂಚೆ ಅದೇ ಯಂತ್ರ ನನ್ನನ್ನೂ ಮಗಳನ್ನೂ ಹಸಿರು ದೀಪ ಹಚ್ಚಿ ಒಪ್ಪಿಕೊಂಡಿತ್ತು. ಬಾಕಿ ಉಳಿದದ್ದು ಇವರೊಬ್ಬರೇ.

ಮೇಡಂ ಪುಟ ತಿರುಗಿಸಿ ಫಾರಂ ಓದಿದರು. "ಇದಕ್ಕೆ ಮುಂಚೆ ಈ ಕಚೇರೀಲಿ ಯಾವತ್ತಾದ್ರೂ ಬೆರಳಚ್ಚು ಕೊಟ್ಟಿದೀರಾ?"

ನಮ್ಮವರು, "ಅದು ಏನಂದ್ರೆ..." ಅಂತ ಶುರು ಮಾಡಿದರು. ಅವರು "ಅದು ಏನಂದ್ರೆ" ಅಂತ ಶುರು ಮಾಡಿದ ಮಾತು ಮುಗಿಯುವ ಹೊತ್ತಿಗೆ ಕಚೇರಿ ಬಾಗಿಲು ಹಾಕಿರುತ್ತದೆ. "ಇಲ್ಲ ಮೇಡಂ, ಇದೇ ಮೊದಲು" ಅಂತ ನಾನೇ ಹೇಳಿ ಮುಗಿಸಿದೆ. ಮೇಡಂ 'ಇಲ್ಲ' ಅನ್ನುವ ಕಡೆ ಗುರುತು ಹಾಕಿದರು.

ಮನೆಯಲ್ಲಿ ಮಾತಿನ ಕೆಲಸ ನನ್ನದು, ಕೈಯ ಕೆಲಸ ಅವರದು. ನಾವು ಹಾಗೇ ಹಂಚಿಕೊಂಡಿದ್ದೇವೆ. ಹಂಚಿದ್ದೂ ನಾನೇ.

"ಈ ದೇಶಕ್ಕೆ ಬಂದ ದಿನ ನೀವು ಕೊಟ್ಟ ಅಚ್ಚು ನಮ್ಮ ಹತ್ರ ಇದೆ" ಅಂದರು ಮೇಡಂ. "ಅವತ್ತು ಬಂದೋರೇ ಇವತ್ತು ಅರ್ಜಿ ಹಾಕ್ತಿರೋದು ಅಂತ ಹೋಲಿಸಿ ನೋಡ್ಬೇಕು."

"ಇವರೇ ಅವರು ಅಂತ ನಾನು ಹೇಳ್ತಿದೀನಲ್ಲ."

"ಹೆಂಡತಿ ಹೇಳಿದ್ರೆ ನಡೆಯಲ್ಲ."

ಇಪ್ಪತ್ತು ವರ್ಷ ಒಬ್ಬ ಮನುಷ್ಯನ ಅಂಗಿಯ ಕಾಲರ್ ಅಳತೆಯಿಂದ ಹಿಡಿದು ಗೊರಕೆಯ ಅಳತೆಯವರೆಗೆ ಬಲ್ಲವಳ ಮಾತು ನಡೆಯುವುದಿಲ್ಲ, ನಾಲ್ಕು ಗೆರೆ ನಡೆಯುತ್ತದೆ. ಪಿತ್ತ ನೆತ್ತಿಗೇರಿತು. ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಹದಿನಾರು ವರ್ಷದ ಹುಡುಗಿ, ಮೂವರ ಅರ್ಜಿಯನ್ನೂ ತುಂಬಿದ್ದವಳು ಅವಳೇ.

ಮೇಡಂ ಕೆಟ್ಟವರಲ್ಲ. "ಮೂರು ವಾರ ಕೈಗೆ ಯಾವ ಕೆಲಸಾನೂ ಕೊಡ್ಬೇಡಿ. ಚರ್ಮ ಬೆಳೆಯುತ್ತೆ, ಗೆರೆ ಬರುತ್ತೆ. ಉಳಿದ ಬೆರಳು ಬರಲಿ ಬಿಡಲಿ, ಬಲಗೈ ಹೆಬ್ಬೆರಳು ಮಾತ್ರ ಬರಲೇಬೇಕು. ಬರದಿದ್ರೆ ಫೈಲು ಮುಖ್ಯ ಕಚೇರಿಗೆ ಹೋಗುತ್ತೆ" ಅಂದರು.

"ಹೋದ್ರೆ?"

"ಬರುತ್ತೆ."

"ಯಾವಾಗ?"

"ಒಂದೂವರೆ ವರ್ಷಕ್ಕೆ."

ನಮ್ಮವರ ಮುಖ ಬಾಡಿಹೋಯಿತು. ವಾಪಸು ಬರುವಾಗ ಕಚೇರಿಯ ಉದ್ದಕ್ಕೂ ತಲೆ ತಗ್ಗಿಸಿ ನೆಲ ನೋಡುತ್ತಲೇ ನಡೆದರು. ಕಬ್ಬಿಣದ ಬೀರುವಿನ ಹತ್ತಿರ ನಿಂತೇಬಿಟ್ಟರು. "ತಪ್ಪು ಮಾಡಿದೋರ ಹಾಗೆ ತಲೆ ಬಗ್ಗಿಸ್ಬೇಡಿ, ನೆಟ್ಟಗೆ ನಡೀರಿ" ಅಂತ ಗದರಿದೆ. "ಅಲ್ಲ ಕಣೇ, ಈ ನೆಲ..." ಅಂದರು. "ನೆಲ ನೋಡಿದ್ದು ಸಾಕು, ಬಸ್ಸು ಹೋಗುತ್ತೆ" ಅಂದೆ.

ಒಂದೂವರೆ ವರ್ಷ ಅಂದರೆ ಏನಂತೆ, ಹದಿನೇಳು ವರ್ಷ ಕಾದವರಿಗೆ ಇದೊಂದು ಹೆಚ್ಚೇ ಅಂತ ನೀವು ಕೇಳಬಹುದು. ಹೆಚ್ಚೇ. ಯಾಕೆಂದರೆ ನಮ್ಮವರ ಅಕ್ಕನ ಮದುವೆ ಒಂಬತ್ತು ವಾರದಲ್ಲಿತ್ತು.

ಅಕ್ಕನಿಗೆ ಐವತ್ತಾರು ವರ್ಷ. ನಮ್ಮವರಿಗೆ ಆರು ವರ್ಷವಿದ್ದಾಗ ತಾಯಿ ಹೋದರು. ಆಗ ಹದಿನಾಲ್ಕರ ಅಕ್ಕ ತಮ್ಮನನ್ನು ಬೆರಳು ಹಿಡಿದು ಶಾಲೆಗೆ ನಡೆಸಿ, ಬೈದು, ತೊಳೆದು, ಓದಿಸಿ ದೊಡ್ಡ ಮಾಡಿದಳು. ಅವನೊಂದು ದಡ ಸೇರಲಿ ಅಂತ ತನ್ನ ಮದುವೆಯನ್ನು ಮುಂದೂಡುತ್ತ ಹೋದಳು, ಆಮೇಲೆ ಮರೆತೇಬಿಟ್ಟಳು. ಹದಿನೇಳು ವರ್ಷದ ಹಿಂದೆ ನಾವು ಹಳೆಯ ದೇಶ ಬಿಟ್ಟಾಗ ಅವಳು ಒಂದು ದಿಕ್ಕಿಗೆ ಹೋದಳು, ನಾವು ಇನ್ನೊಂದು ದಿಕ್ಕಿಗೆ. ಈಗ ಅವಳಿರುವುದು ಬೇರೊಂದು ದೇಶದಲ್ಲಿ. ಅವಳು ಇಲ್ಲಿಗೆ ಬರುವುದಿಲ್ಲ. ಜೀವನದಲ್ಲಿ ಒಂದು ಸಲ ವಿಮಾನ ಹತ್ತಿ, ಇಳಿದ ಮೇಲೆ ಇನ್ನು ಹತ್ತಲ್ಲ ಅಂತ ನೆಲ ಮುಟ್ಟಿ ಆಣೆ ಮಾಡಿದ್ದಾಳೆ. ನಾವು ಅಲ್ಲಿಗೆ ಹೋಗುವಂತಿರಲಿಲ್ಲ. ನಮ್ಮ ಹಳೆಯ ಪಾಸ್‌ಪೋರ್ಟಿನ ಅವಧಿ ಎಂದೋ ಮುಗಿದಿತ್ತು. ಅದನ್ನು ಹೊಸದು ಮಾಡಿಸಬೇಕಾದರೆ ಹಳೆಯ ದೇಶಕ್ಕೆ ಖುದ್ದಾಗಿ ಹೋಗಬೇಕು, ಖುದ್ದಾಗಿ ಹೋಗಬೇಕಾದರೆ ಪಾಸ್‌ಪೋರ್ಟು ಬೇಕು. ಇದನ್ನು ಬರೆದವರು ಯಾರೋ ನನ್ನ ಕೈಗೆ ಸಿಕ್ಕಿಲ್ಲ.

ಅಂಥ ಅಕ್ಕನಿಗೆ ಈಗ ಅರವತ್ತೊಂದರ ಒಬ್ಬ ನಿವೃತ್ತ ಬಸ್ ಡ್ರೈವರ್ ಸಿಕ್ಕಿದ್ದ. ಹನ್ನೆರಡು ವರ್ಷ ಅವಳನ್ನು ಕೆಲಸಕ್ಕೆ ಕರೆದೊಯ್ದ ಬಸ್ಸಿನವನೇ. ನಿವೃತ್ತಿಯ ದಿನ, ನಾಳೆಯಿಂದ ನಿಮ್ಮನ್ನ ಹೇಗೆ ನೋಡೋದು ಅಂತ ಕೇಳಿದನಂತೆ. ಫೋನಿನಲ್ಲಿ ಅಕ್ಕ ತಮ್ಮನಿಗೆ ಹೇಳಿದ್ದು ಇಷ್ಟೇ: "ನೀನು ಪಕ್ಕದಲ್ಲಿ ನಿಲ್ಲದೆ ನಾನು ಸಹಿ ಹಾಕಲ್ಲ ಕಣೋ. ನೀನು ಬಂದ್ರೆ ಮದುವೆ, ಇಲ್ಲಾಂದ್ರೆ ಅವರು ಅವರ ಮನೇಲಿ ನಾನು ನನ್ನ ಮನೇಲಿ." ಮದುಮಗನಿಗೆ ರಕ್ತದೊತ್ತಡ, ಸಕ್ಕರೆ ಎರಡೂ ಇತ್ತು. ಇನ್ನೂ ಒಂದೂವರೆ ವರ್ಷ ಕಾಯಿ ಅಂತ ಅವನಿಗೆ ಹೇಳುವ ಧೈರ್ಯ ನಮಗಾರಿಗೂ ಇರಲಿಲ್ಲ. ನಮ್ಮವರು ಆಗಲೇ ಅವನನ್ನು "ಭಾವ" ಅಂತ ಕರೆಯತೊಡಗಿದ್ದರು.

ಇಷ್ಟು ದೂರ ಬಂದದ್ದೂ ಸುಲಭವಾಗಿರಲಿಲ್ಲ. ಪೌರರಾಗಬೇಕಾದರೆ ಇಷ್ಟು ವರ್ಷ ಇಲ್ಲೇ ಇರಬೇಕು, ಇದ್ದೆವು. ಮೂವತ್ತೆರಡು ಪುಟದ ಅರ್ಜಿ, ತುಂಬಿದೆವು. ಆಮೇಲೆ ಪರೀಕ್ಷೆ. ಈ ದೇಶದ ಇತಿಹಾಸ, ಕಾನೂನು ಎಲ್ಲ ಸೇರಿ ನೂರು ಪ್ರಶ್ನೆಗಳ ಪುಸ್ತಕ. ನಮ್ಮವರು ಅದನ್ನು ಪಾಲಿಶ್ ಯಂತ್ರ ಓಡಿಸುತ್ತ ಒಂದರಿಂದ ನೂರರವರೆಗೆ ಸಾಲಾಗಿ ಬಾಯಿಪಾಠ ಮಾಡಿದ್ದರು. ಪರೀಕ್ಷಕರು ನಡುವಿನಿಂದ ಎಪ್ಪತ್ತೆರಡನೆಯದನ್ನು ಕೇಳಿದರು. ಇವರು ಕಣ್ಣು ಮುಚ್ಚಿ ಒಂದರಿಂದ ಹೊರಟರು. "ಗೊತ್ತಿಲ್ಲವಾ?" ಅಂತ ಕೇಳಿದ್ದಕ್ಕೆ, "ಬರ್ತಾ ಇದೀನಿ ಸಾರ್, ಈಗ ನಲವತ್ತರಲ್ಲಿದೀನಿ" ಅಂದರಂತೆ. ಪರೀಕ್ಷಕರು ಟೀ ಕುಡಿದು ಬರುವಷ್ಟರಲ್ಲಿ ಎಪ್ಪತ್ತೆರಡು ತಲುಪಿ ಪಾಸಾದರು. ಹೀಗೆ ದಾಟಿ ಬಂದವರು ಕೊನೆಗೆ ಒಂದು ಹೆಬ್ಬೆರಳಿಗೆ ಸಿಕ್ಕಿಬಿದ್ದೆವು.

ಆ ದಿನವೇ ನಾನು ಮನೆಯಲ್ಲಿ ಕಾನೂನು ಜಾರಿ ಮಾಡಿದೆ. ಇಪ್ಪತ್ತೊಂದು ದಿನ ಹತ್ತು ಬೆರಳಿಗೂ ರಜೆ. ಅಂಗಿಯ ಒಳಬಟ್ಟೆಗೆ ಬಳಸುವ ಮೆತ್ತನೆ ಹತ್ತಿಯಲ್ಲಿ ಕೈಗವಸು ಹೊಲಿದು, ಎಣ್ಣೆ ಹಚ್ಚಿದ ಕೈಗೆ ತೊಡಿಸಿ, ಮಣಿಕಟ್ಟಿನಲ್ಲಿ ದಾರ ಬಿಗಿದು ನನ್ನದೇ ಒಂದು ಗಂಟು ಹಾಕಿದೆ. ಬಟನ್ ಹಾಕಲು ಮಗಳು, ಚಮಚ ಹಿಡಿಯಲು ನಾನು. ಸ್ನಾನಕ್ಕೋ ಬಚ್ಚಲಿಗೋ ಹೋಗುವಾಗ ಮಾತ್ರ ಗಂಟು ಬಿಚ್ಚುತ್ತಿದ್ದೆ.

ಕೈ ಸುಮ್ಮನಿದ್ದರೆ ಮನುಷ್ಯನ ಬಾಯಿ ಶುರುವಾಗುತ್ತದೆ ಅನ್ನುವುದು ನನಗೆ ಆಗ ತಿಳಿಯಿತು. ನಾನು ಕೆಳಗಿನ ಅಂಗಡಿಯಲ್ಲಿ ಪ್ಯಾಂಟಿನ ಸೊಂಟ ಬಿಡಿಸುತ್ತ ಕೂತಿದ್ದರೆ ಇವರು ಎರಡು ಬಿಳಿ ಕೈಗಳನ್ನು ಎದೆಯ ಮುಂದೆ ಹಿಡಿದು ಬಂದು ನಿಲ್ಲುತ್ತಿದ್ದರು. "ಈ ಅಂಗಡಿ ನೆಲ ಬಾಗಿಲ ಕಡೆ ಒಂದು ನೂಲು ಇಳಿಜಾರಾಗಿದೆ, ನೋಡಿದ್ಯಾ?" ಬಟ್ಟೆ ಕೊಡಲು ಬಂದವರನ್ನೆಲ್ಲ ಪಕ್ಕಕ್ಕೆ ಸರಿಸಿ ಅವರು ನಿಂತಿದ್ದ ಜಾಗ ತೋರಿಸುತ್ತಿದ್ದರು. ಒಬ್ಬ ಗಿರಾಕಿ, ನಿಮ್ಮ ಯಜಮಾನರಿಗೆ ಸುಟ್ಟ ಗಾಯವಾ ಅಂತ ಮರುಕದಿಂದ ಕೇಳಿದರು. ಇಲ್ಲ, ಪೌರತ್ವ ಅಂದೆ.

ದಿನಾ ಸಾಯಂಕಾಲ ತಪಾಸಣೆ. ದಾರದ ಎಳೆ ಎಣಿಸುವ ನನ್ನ ಭೂತಗನ್ನಡಿ ತಂದು ನಾನೂ ಮಗಳೂ ಒಂದೊಂದು ಬೆರಳನ್ನೂ ನೋಡುತ್ತಿದ್ದೆವು. ಆರನೇ ದಿನ ಎಡಗೈ ಕಿರುಬೆರಳಲ್ಲಿ ಒಂದು ಗೆರೆ ಕಾಣಿಸಿತು. ಮೊಮ್ಮಗು ಹುಟ್ಟಿದಷ್ಟು ಸಂಭ್ರಮ. ಅಕ್ಕನಿಗೆ ಫೋನ್ ಮಾಡಿದೆವು. "ಹೇಗಿದೆ?" ಅಂತ ಕೇಳಿದಳು. "ತೆಳ್ಳಗಿದೆ, ಆದ್ರೆ ಗಟ್ಟಿಯಾಗಿದೆ ಅಕ್ಕಾ" ಅಂದೆ. ಹತ್ತನೇ ದಿನ ಉಂಗುರದ ಬೆರಳು, ಹದಿಮೂರಕ್ಕೆ ನಡುಬೆರಳು. ಬಲಗೈ ಹೆಬ್ಬೆರಳು ಮಾತ್ರ ಬೋಳು. "ಅದರ ಚರ್ಮ ದಪ್ಪ ಕಣೇ, ಅದು ಕೊನೇಲಿ ಬರುತ್ತೆ" ಅಂದರು ನಮ್ಮವರು, ಗೋಡೆ ನೋಡಿಕೊಂಡು. ನಾನು ನಂಬಿದೆ. ಆ ಹೆಬ್ಬೆರಳು ಮೊದಲೇ ಸ್ವಲ್ಪ ಎಡಕ್ಕೆ ವಾಲಿದ್ದು, ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿತ್ತಂತೆ. ಪಾಪ ಅಂತ ಅದಕ್ಕೆ ಒಂದು ತೊಟ್ಟು ಎಣ್ಣೆ ಹೆಚ್ಚೇ ಹಾಕಿದೆ.

ಇನ್ನೊಂದು ಚಿಂತೆ ಹತ್ತಿತ್ತು. ಇವರು ಬಚ್ಚಲುಮನೆಗೆ ಹೋದರೆ ಮುಕ್ಕಾಲು ಗಂಟೆ ಬರುತ್ತಿರಲಿಲ್ಲ. ದಿನಕ್ಕೆ ಮೂರು ಸಲ. ಒಳಗೆ ನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು. ಹೊಟ್ಟೆ ಕೆಟ್ಟಿದೆ ಅಂತ ನಾನು ಉಪ್ಪು ಖಾರ ನಿಲ್ಲಿಸಿ ಗಂಜಿಗೆ ಇಳಿಸಿದೆ, ಔಷಧಿ ಕುಡಿಸಿದೆ. ಒಂದು ಮಾತೂ ಆಡದೆ ಕುಡಿದರು. ಇಷ್ಟು ಒಳ್ಳೆಯವರಾದದ್ದು ಯಾಕೆ ಅಂತ ನನಗೆ ಆಗಲೇ ಹೊಳೆಯಬೇಕಿತ್ತು.

ಇಪ್ಪತ್ತೊಂದನೇ ದಿನ ಮತ್ತೆ ಕಚೇರಿ. ನಾನು ಬಸ್ಸಿನಲ್ಲಿ ಅವರ ಕೈಗಳನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಬಂದೆ, ಯಾರೂ ತಾಗಬಾರದು ಅಂತ. ಕೌಂಟರಿನಲ್ಲಿ ಗಂಟು ಬಿಚ್ಚಿ ಕೈಗವಸು ತೆಗೆದಾಗ ಸಾಲಿನಲ್ಲಿ ಕೂತವರೆಲ್ಲ ಕತ್ತು ಉದ್ದ ಮಾಡಿದರು.

ಎಡಗೈ ಇಟ್ಟರು. ಹಸಿರು. ಬಲಗೈ ನಾಲ್ಕು ಬೆರಳು. ಹಸಿರು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. "ಈಗ ಹೆಬ್ಬೆರಳು" ಅಂದರು ಮೇಡಂ.

ಕೆಂಪು. ಕುಂಯ್.

ಒರೆಸಿ ಇಟ್ಟರು, ಒತ್ತಿ ಇಟ್ಟರು, ಮೇಡಂ ತಾವೇ ಹಿಡಿದು ಉರುಳಿಸಿದರು. ಕುಂಯ್, ಕುಂಯ್, ಕುಂಯ್. ನಾನು ಆ ಬೆರಳನ್ನು ಎಳೆದುಕೊಂಡು ಕಣ್ಣಿನ ಹತ್ತಿರ ಹಿಡಿದೆ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ. ಆ ಪುಡಿ ನನಗೆ ಚೆನ್ನಾಗಿ ಗೊತ್ತು; ಎಂಟು ವರ್ಷದಿಂದ ಅವರ ಅಂಗಿಗಳಿಂದ ಒಗೆದು ತೆಗೆಯುತ್ತಿದ್ದೇನೆ. ಕಲ್ಲಿಗೆ ಕೊನೆಯ ಹೊಳಪು ಕೊಡುವ ಪುಡಿ. ಅದನ್ನು ಯಂತ್ರದಲ್ಲಿ ಹಾಕುವುದಿಲ್ಲ, ಬಟ್ಟೆಯಲ್ಲಿ ಉಜ್ಜುವುದಿಲ್ಲ. ಬರಿಯ ಹೆಬ್ಬೆರಳಿನಿಂದಲೇ ತೀಡಬೇಕು.

"ಬಚ್ಚಲುಮನೇಲಿ ಏನು ಮಾಡ್ತಿದ್ರಿ ನೀವು?" ಅಂದೆ.

ನಮ್ಮವರು ತಲೆ ಕೆರೆದುಕೊಂಡರು. ಹೊಸದಾಗಿ ಬಂದ ಗೆರೆಗಳಿಂದ.

"ಅಕ್ಕನ ಅಡುಗೆಮನೇಲಿ ಒಲೆ ಮುಂದೆ ಒಂದು ಕಲ್ಲು ಒಡೆದಿದೆ ಕಣೇ. ಪ್ರತಿ ಫೋನಲ್ಲೂ ಹೇಳ್ತಾಳೆ, ಇವತ್ತೂ ಕಾಲ್ಬೆರಳು ಎಡವಿದೆ ಅಂತ. ಮದುವೆಗೆ ಖಾಲಿ ಕೈಲಿ ಹೋಗೋದಾ? ಅದೇ ಅಳತೇದು ಒಂದು ಕಲ್ಲು ತಯಾರು ಮಾಡ್ತಿದ್ದೆ. ಒಂದೇ ಬೆರಳು ತಾನೇ ಅಂದ್ಕೊಂಡೆ."

"ಆ ಒಂದೇ ಬೆರಳು ಬೇಕು ಅಂತ ಹೇಳಿದ್ರಲ್ಲ ರೀ."

"ಹೆಬ್ಬೆರಳಿಲ್ಲದೆ ಹೊಳಪು ಬರಲ್ಲ."

ಹೋಗುವುದಕ್ಕೇ ಆಗದ ಮದುವೆಗೆ ಉಡುಗೊರೆ ತಯಾರಿಸುತ್ತ, ಆ ಉಡುಗೊರೆಯಿಂದಲೇ ಹೋಗುವ ದಾರಿಯನ್ನು ಮುಚ್ಚಿಕೊಂಡವರು ಈ ಲೋಕದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಎರಡು ವಾರ ಗಂಜಿ ಕುಡಿಸಿದವಳ ಹೊಟ್ಟೆ ಹೇಗೆ ಉರಿಯಬೇಡ. ನಾನು ಶುರು ಮಾಡಿದೆ. ನಾನು ಏನೇನು ಅಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಸಾಲಿನಲ್ಲಿದ್ದವರಿಗೆಲ್ಲ ಗೊತ್ತು. ಮೇಡಂ ನಿಟ್ಟುಸಿರು ಬಿಟ್ಟು ನಮ್ಮ ಫೈಲಿನ ಮೇಲೆ 'ಮುಖ್ಯ ಕಚೇರಿಗೆ' ಅನ್ನುವ ಮೊಹರು ಒತ್ತಲು ಶಾಯಿಯ ಡಬ್ಬಿ ತೆರೆದರು. ನಮ್ಮವರ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಕಂಡು ನನ್ನ ಬೈಗುಳ ಇನ್ನೂ ಜೋರಾಯಿತು. ನನಗೆ ಅಳು ಬಂದರೆ ಹಾಗೇ ಆಗುವುದು.

"ಅಮ್ಮ" ಅಂದಳು ಮಗಳು. "ಅಮ್ಮಾ. ಅಪ್ಪ ಏನೋ ಹೇಳ್ತಿದಾರೆ. ಆಗ್ಲಿಂದ ಹೇಳ್ತಿದಾರೆ."

ನಾನು ಉಸಿರು ತೆಗೆದುಕೊಳ್ಳಲು ನಿಂತೆ. ಆ ಸಂದಿಯಲ್ಲಿ ನಮ್ಮವರು ಹೇಳಿದರು: "ಅದು ಏನಂದ್ರೆ, ನಾನು ಈ ಕಚೇರೀಲಿ ಹೆಬ್ಬೆಟ್ಟು ಒತ್ತಿದೀನಿ. ಅವತ್ತೇ ಹೇಳೋಕೆ ಹೋದೆ."

ಮೇಡಂ ಮೊಹರು ಗಾಳಿಯಲ್ಲೇ ಹಿಡಿದು, "ಯಾವಾಗ? ಕಂಪ್ಯೂಟರಲ್ಲಿ ಇಲ್ವಲ್ಲ" ಅಂದರು.

"ಎಂಟು ವರ್ಷ ಆಯ್ತು. ಕಂಪ್ಯೂಟರಲ್ಲಿಲ್ಲ. ಅಲ್ಲಿದೆ." ವಾಲಿದ ಹೆಬ್ಬೆರಳಿನಿಂದ ಮೂಲೆಯ ಕಬ್ಬಿಣದ ಬೀರುವನ್ನು ತೋರಿಸಿದರು. "ಅದರ ಹಿಂದೆ. ನೆಲದಲ್ಲಿ. ಈ ನೆಲ ನಾನೇ ಹಾಸಿದ್ದು. ನನ್ನ ಮೊದಲನೇ ನೆಲ."

ನನಗೆ ಆಗ ಎಲ್ಲ ಒಟ್ಟಿಗೆ ಬಂದು ಬಡಿಯಿತು. ಇವರಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿಯ ಪದ್ಧತಿ ಅದು. ನೆಲವೆಲ್ಲ ಹಾಸಿ ಮುಗಿದ ಮೇಲೆ ಕೊನೆಯ ಮೂಲೆಯ ಸಂದಿಗೆ ಸಿಮೆಂಟ್ ತುಂಬಿ, ಅದು ಹಸಿಯಿರುವಾಗ ಬಲಗೈ ಹೆಬ್ಬೆರಳು ಒತ್ತಿ, ಮೊಳೆಯಿಂದ ತಾರೀಖು ಗೀಚಬೇಕು. ನಮ್ಮ ಅಡುಗೆಮನೆಯ ಮೂಲೆಯಲ್ಲೂ ಒಂದಿದೆ. ಅದರಲ್ಲಿ ಧೂಳು ಕೂರುತ್ತದೆ ಅಂತ ವರ್ಷಕ್ಕೆ ಐವತ್ತೆರಡು ವಾರ ಬೈದಿದ್ದೇನೆ. ಎಂಟು ವರ್ಷದ ಹಿಂದೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದನ್ನು ಬಿಟ್ಟು ಈ ಕೆಲಸಕ್ಕೆ ಸೇರಿದಾಗ, ಯಾವುದೋ ಹೊಸ ಸರ್ಕಾರಿ ಕಟ್ಟಡ ಅಂತ ಸಾಯಂಕಾಲವೆಲ್ಲ ವರ್ಣಿಸುತ್ತಿದ್ದರು. ನಾನು ಹೂಂ ಅನ್ನುತ್ತ ಬಟನ್ ಹೊಲಿಯುತ್ತಿದ್ದೆ.

ಗಲಾಟೆ ಕೇಳಿ ಒಳಗಿನಿಂದ ಸಾಹೇಬರು ಬಂದರು. ನಿಯಮದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಾಡುವ ಮನುಷ್ಯ. ಮೇಡಂ ನಗುತ್ತ ವಿಷಯ ಹೇಳಿದರು. ಸಾಹೇಬರು ನಗಲಿಲ್ಲ. ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು: "ಅರ್ಜಿದಾರನು ಕಳೆದ ಹತ್ತು ವರ್ಷಗಳ ಒಳಗೆ ಇದೇ ಕಚೇರಿಯಲ್ಲಿ ಬೆರಳಚ್ಚು ನೀಡಿದ್ದು, ಅದು ಕಚೇರಿಯ ವಶದಲ್ಲೇ ಇದ್ದಲ್ಲಿ, ಹೊಸದಾಗಿ ಬೆರಳಚ್ಚು ಪಡೆಯತಕ್ಕದ್ದಲ್ಲ."

"ಕಾಗದದ ಮೇಲೆ ಕೊಟ್ಟಿದ್ರೆ ಸಾರ್" ಅಂದರು ಮೇಡಂ.

"ಕಾಗದ ಅಂತ ಎಲ್ಲಿದೆ ಇದರಲ್ಲಿ?"

"ನೆಲ ಕಚೇರಿಯ ವಶದಲ್ಲಿದೆ ಅಂತ ಹೇಗೆ..."

"ಎಂಟು ವರ್ಷದಿಂದ ಯಾರಾದ್ರೂ ಎತ್ಕೊಂಡು ಹೋಗಿದಾರಾ?" ಅಂದರು ಸಾಹೇಬರು. "ಬೀರು ಸರಿಸಿ."

ಸರಿಸುವುದು ಹೇಳಿದಷ್ಟು ಸುಲಭವಲ್ಲ. ಅದರೊಳಗೆ ಇಡೀ ಊರಿನ ಅರ್ಜಿಗಳಿದ್ದವು. ಸಾಲಿನಲ್ಲಿದ್ದ ಆರು ಜನ, ಕಾವಲುಗಾರ, ನಾನು, ಎಲ್ಲರೂ ಭುಜ ಕೊಟ್ಟೆವು. ನಮ್ಮವರು ಕೈ ಕಟ್ಟಿಕೊಂಡು, "ಎಳೀಬೇಡಿ, ಎತ್ತಿ. ಕಲ್ಲಿಗೆ ಗೀರು ಬೀಳುತ್ತೆ" ಅಂತ ಮೇಸ್ತ್ರಿಯಂತೆ ಹುಕುಂ ಕೊಟ್ಟರು. ಹಿಂದಿನಿಂದ ಎರಡು ಪೆನ್ನು, ಅರ್ಧ ಪೊಟ್ಟಣ ಬಿಸ್ಕತ್ತು, ಮೂರು ವರ್ಷದ ಹಿಂದೆ ಕಾಣೆಯಾಗಿದ್ದ ಒಂದು ಅರ್ಜಿ ಹೊರಬಿದ್ದವು. ಆ ಅರ್ಜಿಯ ಯಜಮಾನ ನಮ್ಮ ಜೊತೆಯಲ್ಲೇ ಬೀರು ಎತ್ತುತ್ತಿದ್ದ. ಅವನು ಅದನ್ನು ಎದೆಗೊತ್ತಿಕೊಂಡು ಅಲ್ಲೇ ಕೂತುಬಿಟ್ಟ.

ಮೂಲೆಯಲ್ಲಿ ಒಂದು ಇಂಚು ಧೂಳು. ನಮ್ಮವರು ಮೊಣಕಾಲೂರಿ ಊದಿದರು. ನನ್ನ ಸೆರಗಿನಿಂದ ನಾನು ಒರೆಸಿದೆ. ಬೂದು ಸಿಮೆಂಟಿನಲ್ಲಿ ಒಂದು ಹೆಬ್ಬೆಟ್ಟು. ಎಡಕ್ಕೆ ವಾಲಿತ್ತು. ಒಂದೊಂದು ಗೆರೆಯೂ ಎಣಿಸುವ ಹಾಗೆ ಸ್ಪಷ್ಟವಾಗಿತ್ತು. ಆಗ ಅವರಿಗೆ ಇನ್ನೂ ಗೆರೆಗಳಿದ್ದವು. ಕೆಳಗೆ ಮೊಳೆಯಲ್ಲಿ ಗೀಚಿದ ತಾರೀಖು. ಸಾಹೇಬರು ಕನ್ನಡಕ ಹಾಕಿಕೊಂಡು ನೆಲದ ಮೇಲೆ ಮಲಗಿಯೇ ಓದಿದರು. "ಏಳು ವರ್ಷ ಹನ್ನೊಂದು ತಿಂಗಳು. ಅವಧಿಯೊಳಗಿದೆ."

ಮೇಡಂ ಫೋಟೋ ತೆಗೆದು ಯಂತ್ರಕ್ಕೆ ಕೊಟ್ಟರು. ಯಂತ್ರ ಬಹಳ ಹೊತ್ತು ಯೋಚಿಸಿತು. ಹದಿನೇಳು ವರ್ಷದ ಹಿಂದೆ ಒಂದು ಸೂಟ್‌ಕೇಸು ಹಿಡಿದು ಬಂದಿಳಿದ ಮನುಷ್ಯನ ಹೆಬ್ಬೆರಳನ್ನೂ ಈ ನೆಲದ ಹೆಬ್ಬೆರಳನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿತು. ನಾನು ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಹಸಿರು.

ಸಾಲಿನವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಮ್ಮವರು ಮಾತ್ರ ನೆಲದ ಮೇಲೇ ಕೂತಿದ್ದರು. "ನೋಡಿದ್ಯಾ" ಅಂದರು ನನಗೆ. "ಎಂಟು ವರ್ಷ ಬೀರು ಹೊತ್ರೂ ಒಂದು ಬಿರುಕಿಲ್ಲ."

ಮುಂದಿನದೆಲ್ಲ ಸರಸರ ಆಯಿತು. ಐದನೇ ವಾರದಲ್ಲಿ ನೂರಾರು ಜನರ ಜೊತೆ ನಿಂತು ಬಲಗೈ ಎತ್ತಿ ಪ್ರಮಾಣವಚನ ತೆಗೆದುಕೊಂಡೆವು; ನಮ್ಮವರು ಆ ಸಭಾಂಗಣದ ನೆಲ ಸರಿಯಿಲ್ಲ ಅಂತ ನನ್ನ ಕಿವಿಯಲ್ಲಿ ಹೇಳಿದರು. ಏಳನೇ ವಾರ ಮೂರು ಪಾಸ್‌ಪೋರ್ಟು ಅಂಚೆಯಲ್ಲಿ ಬಂದವು. ಅವರದನ್ನು ಮಡಿಲಲ್ಲಿಟ್ಟುಕೊಂಡು ನಾನು ಚೆನ್ನಾಗಿ ಅತ್ತೆ. ಆಮೇಲೆ ಒಂದು ಹಳೆಯ ಬ್ರಶ್ಶು ತಗೊಂಡು ಅಡುಗೆಮನೆಯ ಮೂಲೆಯ ಹೆಬ್ಬೆಟ್ಟಿನಲ್ಲಿದ್ದ ಧೂಳನ್ನು ತೆಗೆದೆ. ಯಾರಿಗೂ ಹೇಳಲಿಲ್ಲ.

ಒಂಬತ್ತನೇ ವಾರ ವಿಮಾನ ಇಳಿದೆವು. ಇವರ ಕೈಚೀಲದಲ್ಲಿ ಕಲ್ಲು ಇದ್ದುದರಿಂದ ಎರಡು ಕಡೆ ತಡೆದು ಕೇಳಿದರು. ಹೊರಗೆ ಅಕ್ಕ ನಿಂತಿದ್ದಳು, ನಾನು ಫೋನಿನ ಪರದೆಯಲ್ಲಿ ನೋಡುತ್ತಿದ್ದುದಕ್ಕಿಂತ ಅರ್ಧ ಅಡಿ ಕುಳ್ಳಗೆ. ತಮ್ಮನನ್ನು ಕಂಡವಳೇ ಅವರ ಬೆರಳು ಹಿಡಿದು ರಸ್ತೆ ದಾಟಿಸಿದಳು. ಐವತ್ತರ ಹತ್ತಿರದ ಗಂಡಸು ಸುಮ್ಮನೆ ಹೋದರು.

ಮದುವೆ ಮಾರನೇ ದಿನ ಹನ್ನೊಂದು ಗಂಟೆಗೆ, ನೋಂದಣಿ ಕಚೇರಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ನಾನು ಅಕ್ಕನ ರವಿಕೆಯ ತೋಳು ಬಿಗಿ ಮಾಡುತ್ತಿದ್ದೆ. ಅಡುಗೆಮನೆಯಿಂದ ಟಕ್ ಟಕ್ ಸದ್ದು. ಹೋಗಿ ನೋಡಿದರೆ, ಹೊಸ ಅಂಗಿ ತೊಟ್ಟ ನಮ್ಮವರು ಮೊಣಕಾಲೂರಿ, ಒಡೆದ ಕಲ್ಲು ಕಿತ್ತು, ತಂದ ಕಲ್ಲು ಕೂರಿಸಿ, ಸಂದಿಗೆ ಸಿಮೆಂಟ್ ತುಂಬುತ್ತಿದ್ದರು. ಕಲ್ಲಿನಲ್ಲಿ ಕಿಟಕಿ ಕಾಣುತ್ತಿತ್ತು, ಅಷ್ಟು ಹೊಳಪು. ಕೊನೆಗೆ ಮೂಲೆಯಲ್ಲಿ ಹೆಬ್ಬೆರಳು ಒತ್ತಿ ತೆಗೆದರು.

ನಾನು ಬಗ್ಗಿ ನೋಡಿದೆ. ಬರೀ ಒಂದು ನುಣ್ಣನೆಯ ಗುಳಿ. ಒಂದು ಗೆರೆಯೂ ಇಲ್ಲ.

"ಇದು ಯಾವ ಕಚೇರೀಲೂ ನಡೆಯಲ್ಲ ನೋಡಿ" ಅಂದೆ. "ಯಾರದು ಅಂತ ಯಾರಿಗೆ ಗೊತ್ತಾಗುತ್ತೆ?"

ಅಕ್ಕ ಅರ್ಧ ಹೊಲಿದ ತೋಳಿನಲ್ಲೇ ಬಂದು, ಗೋಡೆ ಹಿಡಿದು, ಮೆಲ್ಲಗೆ ಕೂತು ಆ ಗುಳಿಯನ್ನು ನೋಡಿದಳು. "ಗೊತ್ತಾಗದೆ ಏನು" ಅಂದಳು. "ಎಡಕ್ಕೆ ವಾಲಿದೆ. ಆ ಬಾಗಿಲು ಹಾಕಿದ್ದು ನಾನೇ. ಏಳು ವರ್ಷ ಇವನಿಗೆ. ಸಿಕ್ಕಿದೆ ಅಕ್ಕಾ ಅಂತ ಕೂಗ್ತಿದ್ದ, ನಾನು ಯಾರನ್ನೋ ಬೈತಾ ಇದ್ದೆ, ಕೇಳಿಸ್ಲಿಲ್ಲ. ಅವತ್ತಿಂದ ಈ ಬೆರಳನ್ನ ದಿನಾ ನೋಡಿದೀನಿ. ಹದಿನೇಳು ವರ್ಷ ಬಿಟ್ಟು." ಕೈಚಾಚಿ ತಮ್ಮನ ಹೆಬ್ಬೆರಳಿಗೆ ಅಂಟಿದ್ದ ಸಿಮೆಂಟನ್ನು ತನ್ನ ಮದುವೆಯ ಬಟ್ಟೆಯ ತುದಿಯಿಂದ ಒರೆಸಿದಳು.

ಹೊರಗೆ ಬಸ್ ಡ್ರೈವರ್ ಹಾರ್ನ್ ಬಾರಿಸಿದ, ತಡವಾಯಿತು ಅಂತ. ನಮ್ಮವರು ಏನೋ ಹೇಳಲು ಬಾಯಿ ತೆರೆದರು. "ಅದು ಏನಂದ್ರೆ..."

ನಾನು ಸುಮ್ಮನಿದ್ದೆ. ಅಕ್ಕನೂ ಸುಮ್ಮನಿದ್ದಳು. ಅವರು ನಿಧಾನವಾಗಿ ಎದ್ದು, ಮೊಣಕಾಲು ಕೊಡವಿ, ತಮಗೆ ಬೇಕಾದಷ್ಟು ಹೊತ್ತು ತಗೊಂಡರು.

"ಒಣಗೋವರೆಗೆ ಯಾರೂ ಇಲ್ಲಿ ಕಾಲಿಡ್ಬೇಡಿ" ಅಂದರು.

ಮುಂಬಾಗಿಲಿಗೆ ಹೋಗಬೇಕಾದರೆ ಅಡುಗೆಮನೆಯನ್ನು ದಾಟಿಯೇ ಹೋಗಬೇಕಿತ್ತು. ಹಾಗಾಗಿ ಐವತ್ತಾರರ ಮದುಮಗಳು ಸೆರಗು ಎತ್ತಿ ಹಿಡಿದು, ತಮ್ಮನ ಬೆರಳು ಹಿಡಿದುಕೊಂಡು, ಹಿತ್ತಲ ಬಾಗಿಲಿನಿಂದ ಇಳಿದು ಕಸದ ಡಬ್ಬಿಗಳನ್ನು ಸುತ್ತಿ ಮದುವೆಗೆ ಹೊರಟಳು. ನಾನೂ ಮಗಳೂ ಹಿಂದೆ ಹೋದೆವು.